ಮೂರು ಫ್ಯಾನಿನ ಕಾರ್ಡು

ಸ್ಟುಡಿಯೋದ ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಮರುದಿನವೇ ಮದುವೆಯ ವಿಡಿಯೋ ಕೊಡದಿದ್ದರೆ ಫೋಟೋಗ್ರಾಫರನಿಗೆ ಗಿರಾಕಿ ಕೈತಪ್ಪುವಂತಿತ್ತು. ಅಂಗಡಿಯವನು ಅಂಗೈಯಗಲದ ಕಾರ್ಡ್ ತೋರಿಸಿ, "ನಿಮ್ಮ ಕಂಪ್ಯೂಟರ್ ಡಬ್ಬಕ್ಕೆ, ಅದರ ಪವರ್ ಸಪ್ಲೈಗೆ ಇದೇ ಸರಿ ಸಾರ್" ಎಂದ.

"ಭಾವ, ಇದೇನು ಬೆಂಕಿಪೊಟ್ಟಣನಾ? ಇದೇ ದುಡ್ಡಿಗೆ ಮೂರು ಫ್ಯಾನಿನ ಹಳೇದು ಸಿಗತ್ತೆ," ಎಂದು ಜೊತೆಗೆ ಬಂದಿದ್ದ ಭಾವಮೈದ ನಕ್ಕ.

ಫೋಟೋಗ್ರಾಫರ್ ಸೋತು, ಆ ಹಳೇದನ್ನೇ ಕೊಂಡ. ತಂದದ್ದು ಒಳಗೆ ಹಿಡಿಸದೆ, ಭಾವಮೈದ ಡಬ್ಬದ ತಗಡನ್ನೇ ಕತ್ತರಿಸಿದ. ದೇವರ ದಯೆ, ಫ್ಯಾನುಗಳು ಒಂದು ಸುತ್ತು ತಿರುಗಿದವು. ಆಮೇಲೆ ಕರೆಂಟ್ ಸಾಲದೆ ಕಂಪ್ಯೂಟರೇ ಆರಿಹೋಯಿತು.

"ಕಾರ್ಡಲ್ಲಿ ತಪ್ಪಿಲ್ಲ ಭಾವ, ಕಂಪ್ಯೂಟರಿಗೇ ಯೋಗ್ಯತೆ ಇಲ್ಲ."

ಬೆಳಗ್ಗೆ ಬಂದ ಗಿರಾಕಿ ಡಬ್ಬದಿಂದ ಹೊರಚಾಚಿದ್ದ ಕಾರ್ಡನ್ನು ಕಂಡು ದನಿ ತಗ್ಗಿಸಿದರು. "ಇಷ್ಟು ದೊಡ್ಡ ಮಿಷನ್ ತರಿಸಿದೀರಾ? ನಿಧಾನವಾಗೇ ಮಾಡಿ, ಎರಡು ದಿನ ತಗೊಳ್ಳಿ."

ಅವರು ಹೋದೊಡನೆ ಫೋಟೋಗ್ರಾಫರ್ ದೊಡ್ಡ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಚಿಕ್ಕದನ್ನು ತರಲು ಅಂಗಡಿಗೆ ಹೊರಟ.