ಮಣೆಯ ಮೇಲೆ ಮುಂದಿನ ಚಕ್ರ

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ಮಂಡಿಯಿಂದಲೋ, ಸೈಕಲ್ಲಿನಿಂದಲೋ? ಸೈಕಲ್ಲೇ ವಾಸಿ. ಅದು ನನ್ನನ್ನು ಬಿಟ್ಟು ಓಡಿಹೋಗುವ ಭಯವಿಲ್ಲ.

೧
ತನುಜಾ ಕೋಣಂದೂರಿನ ಸುತ್ತಮುತ್ತ ಇಪ್ಪತ್ತು ವರ್ಷದಿಂದ ಸೈಕಲ್ಲಿನಲ್ಲಿ ಟಪಾಲು ಹಂಚುವವಳು. ಎರಡು ತಿಂಗಳ ಹಿಂದೆ ಹಲಸಿನ ಮರದ ತಿರುವಿನಲ್ಲಿ ಬಿದ್ದಳು. ಮಂಡಿಗೆ ಆಪರೇಷನ್ ಆಯಿತು. ಫಿಸಿಯೋಥೆರಪಿಯ ದೀಪ್ತಿ ಹೇಳಿದಳು: "ದಿನಾ ಅರ್ಧ ಗಂಟೆ ಪೆಡಲ್ ತುಳೀರಿ ಅಕ್ಕಾ, ಮನೆ ಒಳಗೇ." ತಿಂಗಳ ಕೊನೆಗೆ ರಜೆ ಮುಗಿಯುತ್ತದೆ. ಆಮೇಲೆ ಅವಳು ಮತ್ತೆ ರಸ್ತೆಗಿಳಿಯುತ್ತಾಳಾ? (ಗೊತ್ತಿದ್ದರೆ ನಿಮ್ಮನ್ನು ಯಾಕೆ ಕರೆಯುತ್ತಿದ್ದೆ?)

ಹಾಗಾಗಿ ಟ್ರೈನರ್ ಬೇಕು, ಅಂದರೆ ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಸೈಕಲ್ಲನ್ನು ನಿಂತಲ್ಲೇ ಓಡಿಸುವ ಕಬ್ಬಿಣದ ಚೌಕಟ್ಟು. ಇಷ್ಟು ಬರೆಯುವಷ್ಟರಲ್ಲಿ ಅವಳ ಗಂಡ ಸುರೇಂದ್ರ ಅಡುಗೆಮನೆಯಿಂದ ಬಂದ.

"ಅದೆಂತಕ್ಕೆ ಮಾರಾಯ್ತಿ? ಡಬಲ್ ಸ್ಟ್ಯಾಂಡ್ ಹಾಕಿ ತುಳಿ. ಚಿಕ್ಕೋರಿದ್ದಾಗ ನಾವೆಲ್ಲ ಹಂಗೇ ಶಿವಮೊಗ್ಗಕ್ಕೆ ಹೋಗ್ಬಂದೀವಿ!"

ಕತೆ ಮುಗಿಯಿತು. ನಮಸ್ಕಾರ.

೧ (ಮತ್ತೆ)
ದೀಪ್ತಿಗೆ ಫೋನ್ ಮಾಡಿದೆ. "ಗಾಳೀಲಿ ಚಕ್ರ ತಿರುಗಿದ್ರೆ ಮಂಡಿಗೆ ಭಾರ ಎಲ್ಲಿ ಬೀಳತ್ತೆ ಸರ್? ಸ್ವಲ್ಪ ಏರು ಬೇಕು." ಕತೆ ಬದುಕಿತು.

ಉರುಳೆಗಳ ಮೇಲೆ ಬ್ಯಾಲೆನ್ಸ್ ಮಾಡುವ ಟ್ರೈನರ್ ಬಿದ್ದವಳಿಗೆ ಬೇಡ. ಚಕ್ರ ಬಿಚ್ಚಿ ಚೈನು ಸಿಕ್ಕಿಸಿ, ಮೊಬೈಲಿನಲ್ಲಿ ಪರದೇಶದ ಬೆಟ್ಟ ತೋರಿಸುವ ಸ್ಮಾರ್ಟ್ ಟ್ರೈನರ್? ಅದರ ಬೆಲೆಗೆ ಆ ಬೆಟ್ಟಕ್ಕೇ ಹೋಗಿಬರಬಹುದು. ಉಳಿದದ್ದು ಟೈರಿಗೆ ಆಯಸ್ಕಾಂತದ ರೋಲರ್ ಒತ್ತುವ ಅಗ್ಗದ್ದು. ಅದೇ ಬಂತು. ಸೈಕಲ್ಲಿನ ಡಬಲ್ ಸ್ಟ್ಯಾಂಡು ಅಡ್ಡ ಬಂತು. ಸುರೇಂದ್ರ ಬಿಚ್ಚಿ, ರಸ್ತೆಗಿಳಿದಾಗ ಬೇಕಾದೀತು ಎಂದು ಮೂಲೆಗಿಟ್ಟ. ಹಲ್ಲುಹಲ್ಲಿನ ಟೈರು ಅಕ್ಕಿ ಗಿರಣಿಯಂತೆ ಅರಚಿತು, ನುಣ್ಣನೆಯದು ಹಾಕಿದ. ಹಿಂದಿನ ಚಕ್ರ ಎದ್ದು ಸೈಕಲ್ ಮುಗ್ಗರಿಸಿದಂತೆ ಕಂಡಿತು. ಮುಂದಿನ ಚಕ್ರದಡಿ ಊಟದ ಮಣೆ ಇಟ್ಟ. ಈಗ ಅದು ಪಂಕ್ತಿಯಲ್ಲಿ ಎಲೆ ಬರುವುದನ್ನೇ ಕಾಯುವ ನೆಂಟನಂತೆ ಕೂತಿದೆ.

೩ (೨ರಲ್ಲಿ ಬರೀ ಉಪದೇಶವಿತ್ತು, ಹರಿದೆ.)
ತನುಜಾ ಕಣ್ಣು ಮುಚ್ಚಿ ತುಳಿಯುತ್ತಾಳೆ. ಗೋಡೆಯ ಕ್ಯಾಲೆಂಡರ್ ಮೆಲ್ಲಗೆ ಕರಗಿ, ಅಲ್ಲಿಂದ ರಸ್ತೆ ಹರಿದು ಬರುತ್ತದೆ. ಟಪಾಲಿನ ದಾರಿ ಅವಳ ಕಾಲಿಗೆ ಬಾಯಿಪಾಠ. ಮೀನಾಕ್ಷಮ್ಮನ ಗೇಟು ಬಂದಾಗ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ನಿಲ್ಲುತ್ತಾಳೆ. ನಾಯಿಯಿರುವ ಮನೆಯೆದುರು ಎರಡೂ ಕಾಲು ಮೇಲೆತ್ತುತ್ತಾಳೆ. ತಿರುವು ತಿರುವಿಗೂ ಬೆಲ್ ಹೊಡೆಯುತ್ತಾಳೆ. ಹಲಸಿನ ಮರ ಕಂಡಾಗ ಮಾತ್ರ ಬೆಲ್ ಹೊಡೆಯದೆ ಬ್ರೇಕ್ ಹಿಡಿದು ಇಳಿದುಬಿಡುತ್ತಾಳೆ. ಹನ್ನೊಂದು ದಿನದಿಂದ ಹೀಗೇ.

"ತನುಜಕ್ಕಾ, ಇದು ನಿಮ್ಮ ನಡುಮನೆ. ಇಲ್ಲಿ ಮರ ಇಲ್ಲ, ಜಾರಿಕೆ ಇಲ್ಲ" ಎಂದೆ.

"ನೀವು ಬಿದ್ದಿದ್ರಾ ಅಲ್ಲಿ?"

"ಇಲ್ಲ. ಬೀಳ್ಸಿದ್ದು ನಾನೇ."

"ಹಂಗಾದ್ರೆ ಎಲ್ಲಾದ್ರೂ ಮೆತ್ತಗಿನ ಗದ್ದೇಲಿ ಬೀಳ್ಸೋಕೆ ಎಂತ ರೋಗ ಆಗಿತ್ತು ಮಾರಾಯ್ರೇ!"

(ಕತೆಗೊಂದು ತಿರುವು ಬೇಕಿತ್ತು ಎಂದು ಹೇಳಲು ನಾಚಿಕೆಯಾಯಿತು.)

೪
ಎರಡು ಅಂತ್ಯ ಬರೆದು ತನುಜಾಳಿಗೆ ಓದಿ ಹೇಳಿದೆ. ಒಂದರಲ್ಲಿ ಅವಳು ತಿರುವು ದಾಟಿ, ಹೊಸನಗರ, ಸಾಗರ ಎಲ್ಲಾ ದಾಟಿ, ವರದಾ ನದಿ ಹುಟ್ಟುವ ವರದಮೂಲದಲ್ಲಿ ಕಾಲು ತೊಳೆಯುತ್ತಾಳೆ. ಇಲ್ಲಿ ನಡುಮನೆಯಲ್ಲಿ ಮಣೆ ಒದ್ದೆಯಾಗುತ್ತದೆ. ಇನ್ನೊಂದರಲ್ಲಿ ಕೆಲಸ ಬಿಡುತ್ತಾಳೆ. ಟ್ರೈನರ್ ಮೇಲೆ ಟವೆಲ್ ಒಣಗುತ್ತದೆ.

"ಒಂದು ಸುಳ್ಳು, ಇನ್ನೊಂದು ನಿಮ್ಮ ಕೊಬ್ಬು. ಸುಮ್ನೆ ಕೂತ್ಕೊಳಿ" ಎಂದಳು.

ಕೂತೆ.

ಹನ್ನೆರಡನೇ ದಿನ. ಮರ ಬಂತು. ಬೆರಳು ಬ್ರೇಕಿನ ಮೇಲೆ ನಿಂತಿತು. ಅಷ್ಟರಲ್ಲಿ ಹೆಬ್ಬೆರಳು ಬೆಲ್ ಹೊಡೆಯಿತು.

ಒಗ್ಗರಣೆಯ ಚಟಪಟದ ನಡುವಿನಿಂದ ಸುರೇಂದ್ರನ ದನಿ: "ಬಾ, ಬಾ! ಈ ಕಡೆಯಿಂದ ಯಾರೂ ಬರ್ತಿಲ್ಲ!"

ಇದನ್ನು ನಾನು ಬರೆದಿರಲಿಲ್ಲ.

ಬೆರಳು ಸಡಿಲಾಯಿತು. ತನುಜಾಳ ಸೊಂಟ ಎಡಕ್ಕೆ ವಾಲಿತು. ಮಣೆಯ ಮೇಲಿನ ಮುಂದಿನ ಚಕ್ರ, ಎಲ್ಲಿಗೂ ಹೋಗಬೇಕಿಲ್ಲದ ಚಕ್ರ, ಒಂದಿಷ್ಟು ಎಡಕ್ಕೆ ತಿರುಗಿತು.

"ದಾಟಿದ್ರಾ ಅಕ್ಕಾ?" ಎಂದೆ.

"ಇಳಿಜಾರು ಈಗ. ಮಾತಾಡಿಸ್ಬೇಡಿ."

ಸುರೇಂದ್ರ ಸ್ಟೌವ್ ಆರಿಸಿ ಹೊರಗೆ ಬಂದ. ಮೂಲೆಯಲ್ಲಿದ್ದ ಡಬಲ್ ಸ್ಟ್ಯಾಂಡನ್ನು ಎತ್ತಿಕೊಂಡು, ಧೂಳು ಒರೆಸತೊಡಗಿದ. ಯಾಕೆಂದು ನಾನು ಕೇಳಲಿಲ್ಲ. ನೀವೂ ಕೇಳಬೇಡಿ. ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನ ಇದೆ, ಅವಳಿನ್ನೂ ಕಣ್ಣು ಬಿಟ್ಟಿಲ್ಲ.