ಸೂರು ತಟ್ಟಿ ನೋಡುವ ಕ್ಲಿಫರ್ಡ್

ಯಾರ ಮನೆಗೆ ಹೋದರೂ ಕ್ಲಿಫರ್ಡ್ ಹೆಸ್ಲಪ್ ಮೊದಲು ನೋಡುವುದು ಸೂರನ್ನು, ಆಮೇಲೆ ಮನೆಯವರ ಮುಖವನ್ನು. ಹೊಸ್ತಿಲಲ್ಲೇ ನಿಂತು, ಗದ್ದವೆತ್ತಿ, ಈ ಮೂಲೆಯಿಂದ ಆ ಮೂಲೆಗೆ ನಿಧಾನವಾಗಿ ದೃಷ್ಟಿ ಹಾಯಿಸಿ, ಎಲ್ಲಿಯಾದರೂ ಕೂದಲೆಳೆಯಷ್ಟು ಬಿರುಕು ಕಂಡರೆ ಅದರ ಕೆಳಗಿನ ಮೆತ್ತನೆಯ ಸೋಫಾವನ್ನು ನಿರಾಕರಿಸಿ, ಬಾಗಿಲ ಪಕ್ಕದ ಮರದ ಕುರ್ಚಿಯನ್ನೇ ಹಿಡಿದು ಕೂತು, ಅನಂತರವಷ್ಟೇ ಯೋಗಕ್ಷೇಮ ವಿಚಾರಿಸುವುದು ಅವರ ಪದ್ಧತಿ. ಮಗಳ ಮದುವೆಯ ದಿನ ಅವಳ ತೋಳು ಹಿಡಿದು ಪ್ರಾರ್ಥನಾಮಂದಿರದ ಬಾಗಿಲಿಗೆ ಬಂದವರು ಅಲ್ಲೇ ಮೇಲೆ ನೋಡುತ್ತ ನಿಂತುಬಿಟ್ಟರು. ವಾದ್ಯ ನುಡಿಯುತ್ತಿತ್ತು, ಜನ ಎದ್ದು ನಿಂತಿದ್ದರು, ತಂದೆಯ ಹೃದಯ ದೇವರಲ್ಲಿ ಮೊರೆಯಿಡುತ್ತಿದೆಯೆಂದು ನಮ್ಮ ಬೀದಿಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಮೊರೆಯೂ ಇಲ್ಲ, ಮಣ್ಣೂ ಇಲ್ಲ. ಎಡಗಡೆಯ ತೊಲೆ ಕೊಂಚ ಬಾಗಿದೆಯೇನೋ ಎಂಬ ಅನುಮಾನ ಅವರಿಗೆ. ಬೇಲಿಯ ಈಚೆ ಮನೆಯವನಾದ ನಾನು ಅವರನ್ನು ಎಷ್ಟೋ ಸಲ ಊಟಕ್ಕೆ ಕರೆದಿದ್ದೇನೆ. ನನ್ನ ಅಡುಗೆಯ ಬಗ್ಗೆ ಒಂದು ಮಾತೂ ಆಡಿದವರಲ್ಲ, ಊಟದ ಕೋಣೆಯ ಚಾವಣಿಯ ಬಗ್ಗೆ ಮಾತ್ರ ಮತ್ತೆ ಮತ್ತೆ ಎಚ್ಚರಿಸಿದ್ದಾರೆ.

ಎತ್ತರದ ಆಳು, ಆದರೆ ಆ ಎತ್ತರವನ್ನು ಎಂದೂ ಪೂರ್ತಿಯಾಗಿ ಬಳಸಿದವರಲ್ಲ. ಕತ್ತನ್ನು ಭುಜಗಳ ನಡುವೆ ಇಳಿಸಿಕೊಂಡು, ಮೊಣಕಾಲು ಕೊಂಚ ಮಡಿಸಿಕೊಂಡು ನಡೆಯುತ್ತಾರೆ. ಬಟ್ಟಬಯಲಿನಲ್ಲಿ ನಡೆಯುವಾಗಲೂ ಅದೇ ಬಾಗು. ಡರ್ಹಮ್ ಸೀಮೆಯ ನಮ್ಮ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಒಂದು ತಲೆಮಾರು ಕಳೆದಿದೆ, ಅದರ ಬಾಯಿಗೆ ಕಾಂಕ್ರೀಟು ಸುರಿದು ಮೇಲೆ ಹುಲ್ಲು ಬೆಳೆಸಿದ್ದಾರೆ, ಆದರೂ ಆ ವಯಸ್ಸಿನ ಗಂಡಸರ ನಡಿಗೆಯಲ್ಲಿ ಗಣಿ ಇನ್ನೂ ತೆರೆದೇ ಇದೆ. ಮೈಮೇಲೆ ಬೇಸಗೆ ಚಳಿಗಾಲವೆನ್ನದೆ ಒಂದು ಕಡುನೀಲಿ ಕೋಟು, ಭುಜಕ್ಕೆ ತೊಗಲಿನ ತೇಪೆ. ತಲೆಯ ಮೇಲೆ ಚಪ್ಪಟೆ ಟೋಪಿ, ಸೂರಿನ ಕೆಳಗೆ ಅದನ್ನು ತೆಗೆಯುವ ಮಾತೇ ಇಲ್ಲ. ಕೈಯಲ್ಲಿ ತುದಿಗೆ ಹಿತ್ತಾಳೆ ಕಟ್ಟಿದ ಒಂದು ಕೋಲು. ಆ ಕೋಲನ್ನು ಅವರು ಊರಿಕೊಂಡು ನಡೆದದ್ದನ್ನು ನಾನು ಕಂಡಿಲ್ಲ. ಅದಿರುವುದು ಚಾವಣಿಗಳನ್ನು ತಟ್ಟುವುದಕ್ಕೆ.

ಗಣಿಯಲ್ಲಿ ಪಾಳಿ ಶುರುವಾಗುವ ಮೊದಲು ಎಲ್ಲರೂ ಮಾಡುತ್ತಿದ್ದ ಕೆಲಸ ಅದು. ಎಡಗೈಯನ್ನು ಮೇಲಿನ ಬಂಡೆಗೆ ಆನಿಸಿ, ಗುದ್ದಲಿಯ ಹಿಡಿಯಿಂದ ಒಂದು ಪೆಟ್ಟು ಕೊಡಬೇಕು. ಖಣ್ ಎಂದರೆ ಕಲ್ಲು ಗಟ್ಟಿ, ಕೂತು ಬುತ್ತಿ ಬಿಚ್ಚಬಹುದು. ಡಬ್ ಎಂದು ಟೊಳ್ಳು ದನಿ ಬಂದರೆ ಪದರ ಸಡಿಲಾಗಿದೆ, ಬುತ್ತಿ ಬಿಟ್ಟು ಓಡಬೇಕು. ಸೂರಿಗೆ ಕೊಡುವ ಊರೆಗಂಬ ಮರದ್ದೇ ಆಗಬೇಕೆಂದು ಹಳಬರ ಹಟ. ಕಬ್ಬಿಣ ಮೂಗ, ಹೇಳದೆ ಕೇಳದೆ ಸೋಲುತ್ತದೆ. ಮರ ಮುರಿಯುವ ಮೊದಲು ನರಳುತ್ತದೆ. ಮರ ಮಾತಾಡಿದ ಮೇಲೆ ಹೆತ್ತ ತಾಯಿ ಕರೆದರೂ ಆ ಸೂರಿನ ಕೆಳಗೆ ಹೋಗಕೂಡದೆಂಬುದು ಅಲ್ಲಿಯ ಮೊದಲ ಪಾಠ. ಒಮ್ಮೆ ಅವರೆಕಾಯಿ ಬಳ್ಳಿಗೆ ಕಡ್ಡಿ ನೆಡುತ್ತ, ಮೋಡ ಮಳೆಯ ಮಾತಿನ ನಡುವೆ, ಆಲ್ಫ್ ಎಂಬ ಜೊತೆಗಾರನ ಸುದ್ದಿಯನ್ನು ಅವರು ಬೇಲಿಯ ಮೇಲಿಂದ ನನಗೆ ಹೇಳಿದ್ದರು. ಇಬ್ಬರೂ ಆಗಿನ್ನೂ ಹರೆಯದವರು, ಗಣಿಯೊಳಗೆ ಬುತ್ತಿಗೆ ಕೂತಿದ್ದರಂತೆ.

"ಡಬ್ ಅಂತು. ಆಲ್ಫ್‌ಗೆ ಹೇಳ್ದೆ. ಇರೋ, ಚಹಾ ಮುಗಿಸ್ಕೊಂಡು ಬರ್ತೀನಿ ಅಂದ. ನಾನು ಓಡ್ದೆ."

ಅಷ್ಟು ಹೇಳಿ ಕಡ್ಡಿಗೆ ದಾರ ಬಿಗಿದು ಗಂಟು ಹಾಕಿದರು. ಆಲ್ಫ್ ಹೊರಗೆ ಬಂದನೇ ಎಂದು ಕೇಳುವಷ್ಟು ದಡ್ಡನಲ್ಲ ನಾನು. ಹೆಂಡತಿ ಡೋರೀನ್‌ಗೆ ಈ ಮಾತನ್ನು ಈತನಕ ಹೇಳಿಲ್ಲವೆಂದೂ ನಾನು ಬಾಯಿಬಿಡಬಾರದೆಂದೂ ಕೇಳಿಕೊಂಡರು, ನಾನು ಬಿಡಲಿಲ್ಲ.

ಇಂಥ ಮನುಷ್ಯ ಟೋಪಿ ತೆಗೆದಿಟ್ಟು, ಕಾಲು ಚಾಚಿ ನಿಶ್ಚಿಂತರಾಗಿ ಕೂರುತ್ತಿದ್ದ ಒಂದೇ ಒಂದು ಕೋಣೆ ಈ ಭೂಮಿಯ ಮೇಲಿತ್ತು. ಅದು ಅವರ ಮನೆಯ ಹಿಂಬದಿಗೆ ತಗುಲಿಸಿ ಕಟ್ಟಿದ್ದ ಗಾಜಿನ ಕೋಣೆ. ಗೋಡೆಯೆಲ್ಲ ಗಾಜು, ಸೂರಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಬೇಸಗೆಯಲ್ಲಿ ಅಲ್ಲಿ ಟೊಮೇಟೊ ಗಿಡವೂ ಸೊರಗುತ್ತಿತ್ತು. ಚಳಿಗಾಲದಲ್ಲಿ ಬಟ್ಟಲಿನ ಚಹಾ ತುಟಿಗೆ ಬರುವಷ್ಟರಲ್ಲಿ ಆರಿಹೋಗುತ್ತಿತ್ತು. ಮಳೆ ಬಂದರೆ ಎದುರು ಕೂತವರ ಮಾತು ಕೇಳುತ್ತಿರಲಿಲ್ಲ. ಕ್ಲಿಫರ್ಡರಿಗೆ ಅದೊಂದೂ ಬಾಧಕವಲ್ಲ. ತಲೆಯ ಮೇಲೇನಿದೆಯೆಂಬುದು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು, ಮೋಡ ಕಾಣುತ್ತಿತ್ತು, ಸೂರಿನ ಮೇಲೆ ಓಡಾಡುವ ಕಾಗೆಯ ಅಂಗಾಲು ಕಾಣುತ್ತಿತ್ತು, ಅವರಿಗೆ ಅಷ್ಟು ಸಾಕಿತ್ತು.

ಡೋರೀನ್ ಸಣ್ಣ ಆಕೃತಿಯ, ದೊಡ್ಡ ನಗೆಯ ಹೆಂಗಸು. ಈಚೆಗೆ ಆಕೆಯ ಶ್ವಾಸಕೋಶ ಸೋಲುತ್ತ ಬಂದು, ಮಹಡಿಯ ಮೇಲಿನ ಮಂಚ ತಲುಪುವುದೆಂದರೆ ಬೆಟ್ಟ ಹತ್ತಿದಷ್ಟಾಗಿತ್ತು. ಮೆಟ್ಟಿಲು ಬೇಡ, ಶೀತವಂತೂ ಸರ್ವಥಾ ಕೂಡದೆಂದರು ವೈದ್ಯರು. ಕೆಳಗೆ ಮಂಚ ಹಿಡಿಸುವ ಜಾಗ ಗಾಜಿನ ಕೋಣೆಯೊಂದೇ. ಅದರ ಪ್ಲಾಸ್ಟಿಕ್ ಸೂರನ್ನು ಕಿತ್ತು, ಚಳಿ ತಡೆಯುವ ದಪ್ಪನೆಯ ಸೂರು ಹಾಕಿಸಿದರೆ ಆಕೆ ಅಲ್ಲೇ ಮಲಗಿ, ತೋಟ ನೋಡುತ್ತ, ಉಳಿದಷ್ಟು ಕಾಲ ಕಳೆಯಬಹುದು. ಕ್ಲಿಫರ್ಡರಿಗೆ ಊಟ ಸೇರದಾಯಿತು. ಇನ್ನೊಂದು ಹೀಟರ್ ತರೋಣವೆಂದರು, ಉಣ್ಣೆಯ ಕಂಬಳಿ ತರೋಣವೆಂದರು, ಕಡೆಗೆ ತಾವೇ ದಿನವೂ ಆಕೆಯನ್ನು ಹೊತ್ತು ಮೇಲೇರಿಸುವುದಾಗಿ ಹೇಳಿ ಆಕೆಯನ್ನು ನಗಿಸಿದರು. ನಕ್ಕು ಕೆಮ್ಮಿ ಸುಧಾರಿಸಿಕೊಂಡ ಮೇಲೆ ಡೋರೀನ್ ಹೇಳಿದ್ದು ಇಷ್ಟು: "ನೋಡು ಕ್ಲಿಫ್, ನಾ ಅಲ್ಲಿ ಮಲಗ್ಬೇಕು, ನೀ ನನ್ನ ಪಕ್ಕ ಕೂತಿರ್ಬೇಕು. ಬೇರೆ ಏನೂ ಕೇಳಲ್ಲ ನಿನ್ನ."

ಕೆಲಸಕ್ಕೆ ಬಂದವನು ಗ್ಯಾವಿನ್ ಎಂಬ ದುಂಡುಮುಖದ ಉತ್ಸಾಹಿ, ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಸಿಳ್ಳೆಯಿತ್ತು. ಹಳೆಯ ಹಾಳೆಗಳನ್ನು ಕಿತ್ತು ಕೋಣೆ ಬಯಲಾದಾಗ ಕ್ಲಿಫರ್ಡರು ಅದರ ನಡುವೆ ಕುರ್ಚಿ ಹಾಕಿಕೊಂಡು, ಕೂದಲಿಗೆ ತುಂತುರು ಬೀಳುತ್ತಿದ್ದರೂ ಪರಮಸುಖಿಯಾಗಿ ಕೂತಿದ್ದರು. ಆಮೇಲೆ ಒಂದೊಂದೇ ಹಲಗೆ ಏರಿತು. ಹೊರಗೆ ಹಗುರವಾದ ಹಂಚು, ನಡುವೆ ಥರ್ಮಾಕೋಲಿನಂಥ ಗಟ್ಟಿ ನೊರೆಯ ಹಲಗೆ, ಒಳಗಡೆ ಜಿಪ್ಸಮ್ ಹಾಳೆ ಹೊದಿಸಿ ಬಿಳಿ ಬಣ್ಣ. ಆಕಾಶ ಒಂದು ಕೊನೆಯಿಂದ ಮುಚ್ಚುತ್ತ ಬಂತು, ಕ್ಲಿಫರ್ಡರು ಕುರ್ಚಿಯೊಂದಿಗೆ ಜರುಗುತ್ತ ಜರುಗುತ್ತ ಅಡುಗೆಮನೆಯ ಹೊಸ್ತಿಲಿಗೆ ಬಂದು ಮುಟ್ಟಿದರು. ಪುರಸಭೆಯ ತಪಾಸಣೆಯವರು ಬಂದು ಹಳೆಯ ಚೌಕಟ್ಟು ಈ ಭಾರ ಧಾರಾಳವಾಗಿ ಹೊರುತ್ತದೆಂದು ಒಪ್ಪಿಗೆ ಕೊಟ್ಟು ಹೋದರು. ಅವರು ಅತ್ತ ಹೋದೊಡನೆ ಕ್ಲಿಫರ್ಡರು ಒಳಗೆ ಬಂದು, ಎಡಗೈ ಚಾವಣಿಗೆ ಆನಿಸಿ, ಕೋಲಿನಿಂದ ತಟ್ಟಿದರು.

ಡಬ್.

ಒಂದು ಹೆಜ್ಜೆ ಸರಿದು ತಟ್ಟಿದರು, ಅದೇ ದನಿ. ಮೂಲೆಯಲ್ಲಿ, ನಡುವೆ, ಬಾಗಿಲ ಬಳಿ, ಎಲ್ಲಿ ತಟ್ಟಿದರೂ ಡಬ್, ಡಬ್. ಅವರ ಮುಖದ ರಕ್ತ ಇಳಿದದ್ದನ್ನು ನಾನು ಗಾಜಿನಾಚೆಯಿಂದ ಕಂಡೆ. ಈ ಬಗೆಯ ಸೂರು ಹಾಗೆಯೇ ನುಡಿಯುವುದೆಂದು, ಒಳಗೆ ಹಗುರವಾದದ್ದೇ ಇರುವುದರಿಂದ ದನಿ ಟೊಳ್ಳೆಂದು ಗ್ಯಾವಿನ್ ಪಾಪ ಎಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ! ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಕ್ಲಿಫರ್ಡರು ಸಭ್ಯರಾಗಿ ತಲೆಯಾಡಿಸಿದರು ಕೂಡ. ಮರುದಿನ ಯಾವುದೋ ತೋಟದವನಿಂದ ಲಾರ್ಚ್ ಮರದ ಹಸಿ ದಿಮ್ಮಿಯೊಂದನ್ನು ತರಿಸಿ, ಬೆವರು ಸುರಿಸುತ್ತ, ಬಾಗಿಲ ಕಡೆಗೆ ಒಂದು ಕಣ್ಣಿಟ್ಟುಕೊಂಡೇ, ಆ ಬೆಳ್ಳಗಿನ ಕೋಣೆಯ ನಟ್ಟನಡುವೆ, ಡೋರೀನ್ ಮಂಚದ ಮಗ್ಗುಲಲ್ಲಿ ಊರೆ ನಿಲ್ಲಿಸಿ ಬೆಣೆ ಬಡಿದರು.

"ಯಜಮಾನ್ರೆ, ಆ ಕಂಬ ಸೂರನ್ನ ಹಿಡ್ಕೊಂಡಿಲ್ಲ," ಎಂದ ಗ್ಯಾವಿನ್. "ಸೂರೇ ಕಂಬಾನ ಹಿಡ್ಕೊಂಡಿದೆ."

ಊರೆ ನಿಂತರೂ ಭಯ ಕೂರಲಿಲ್ಲ. ಡೋರೀನ್ ಒಳಗೆ ಬೆಚ್ಚಗೆ ಮಲಗಿದರು, ಉಸಿರು ಹಗುರಾಯಿತು, ಕೆನ್ನೆಗೆ ಬಣ್ಣ ಬಂತು. ಕ್ಲಿಫರ್ಡರು ಮಾತ್ರ ಹೊಸ್ತಿಲ ಮೇಲಿನ ಕುರ್ಚಿ ಬಿಟ್ಟು ಕದಲಲಿಲ್ಲ. ಚಹಾ ಕೊಡಬೇಕಾದರೆ ದಡಬಡ ಒಳಹೊಕ್ಕು, ಬಟ್ಟಲಿಟ್ಟು, ಬೆನ್ನಟ್ಟಿಸಿಕೊಂಡವರಂತೆ ಹೊರಬರುವರು. ಹಗಲೆಲ್ಲ ಅಲ್ಲಿಂದಲೇ ಕಿವಿ ನಿಮಿರಿಸಿಕೊಂಡು ಆ ಕಂಬವನ್ನೇ ಆಲಿಸುವರು. ಡೋರೀನ್ ಮೊದಮೊದಲು ಗೇಲಿ ಮಾಡುತ್ತಿದ್ದರು, ಮೃಗಾಲಯದ ಕರಡಿಯನ್ನು ನೋಡಲು ಬಂದವರ ಹಾಗೆ ಕೂತಿದ್ದೀಯ, ಕಡಲೆಕಾಯಿಯಾದರೂ ಎಸೆ ಎನ್ನುತ್ತಿದ್ದರು. ಬರಬರುತ್ತ ಗೇಲಿ ನಿಂತಿತು. ಒಂದು ದಿನ ನಾನು ಸೇಬಿನ ಕಡುಬು ಕೊಡಲು ಹೋದಾಗ, ಗಂಡ ಅತ್ತ ಹೋದದ್ದನ್ನು ನೋಡಿಕೊಂಡು ಡೋರೀನ್ ತಗ್ಗಿದ ದನಿಯಲ್ಲಿ ಕೇಳಿದರು: "ನಾ ಸಾಯೋ ಹೊತ್ತಿಗೂ ಇವ್ನು ಬಾಗಿಲಲ್ಲೇ ನಿಂತಿರ್ತಾನಾ?" ಕಡುಬು ಆರುತ್ತದೆ ತಿನ್ನಿ ಎಂದೆ.

ಜನವರಿಯಲ್ಲಿ ಹಿಮ ಬಿತ್ತು. ಸೂರುಗಳ ಮೇಲೆಲ್ಲ ಮೊಳದೆತ್ತರ ಕೂತು, ಬೀದಿ ಉಸಿರು ಹಿಡಿದಂತಿತ್ತು. ಮಧ್ಯಾಹ್ನ ನಾನು ಅಂಗಳದಲ್ಲಿ ದಾರಿ ಬಿಡಿಸುತ್ತಿದ್ದಾಗ ಆ ಸದ್ದು ನನಗೂ ಕೇಳಿಸಿತು. ಮೊದಲು ಚಟ್ ಎಂದಿತು, ಆಮೇಲೆ ಹಳೆಯ ಬಾಗಿಲು ತೆರೆದಂತೆ ಉದ್ದವಾದ ನರಳಿಕೆ. ತಲೆಯೆತ್ತಿದೆ. ಗಾಜಿನ ಗೋಡೆಯ ಆಚೆ ಡೋರೀನ್ ದಿಂಬಿಗೆ ಒರಗಿ ಬಟ್ಟಲು ಹಿಡಿದಿದ್ದರು. ಹೊಸ್ತಿಲಲ್ಲಿ ಕ್ಲಿಫರ್ಡರು ಎದ್ದು ನಿಂತಿದ್ದರು. ಮರ ಮಾತಾಡಿತ್ತು. ಆ ಹಿಮದ ಭಾರ ನೋಡಿ ಆ ಗಳಿಗೆಯಲ್ಲಿ ನಾನೂ ನಂಬಿದೆ. ಬಾ ಆಚೆ, ಈಗಲೇ ಬಾ ಎಂದು ಅವರು ಕೂಗಿದ್ದು ಬೇಲಿಯವರೆಗೂ ಕೇಳಿತು. ದಿನಕ್ಕೊಂದು ಸಲವಾದರೂ ಗಂಡನ ಇಂಥ ಗಾಬರಿ ಕಂಡಿದ್ದ ಡೋರೀನ್ ತಲೆಯನ್ನೂ ತಿರುಗಿಸಲಿಲ್ಲ.

"ಇರೋ," ಎಂದರಂತೆ, "ಚಹಾ ಮುಗಿಸ್ಕೊಂಡು ಬರ್ತೀನಿ."

ನಾನು ಕಂಡದ್ದು ಆ ಬಳಿಕದ್ದು. ಮುದುಕ ಓಡಿದರು, ಆದರೆ ಒಳಗೆ ಓಡಿದರು. ಆಕೆಯ ತೋಳಡಿಗೆ ಕೈ ಹಾಕಿ ಎತ್ತಲು ನೋಡಿದರು, ಆಗಲಿಲ್ಲ. ಮತ್ತೆ ನೋಡಿದರು, ಆಗಲಿಲ್ಲ. ಕಂಬ ಇನ್ನೊಮ್ಮೆ ನರಳಿತು. ಆಗ ಅವರು ಮಂಚದ ಮೇಲೆ ಮೊಣಕಾಲೂರಿ, ಆಕೆಯ ಎರಡೂ ಪಕ್ಕದಲ್ಲಿ ಕೈ ಊರಿ, ಬಾಳಿಡೀ ಬಾಗಿಸಿಯೇ ಇಟ್ಟಿದ್ದ ಆ ಬೆನ್ನನ್ನು ಆಕೆಯ ಮೇಲೆ ಕವಿಸಿ, ಕಣ್ಣು ಮುಚ್ಚಿಕೊಂಡು, ಸೂರು ಬೀಳುವುದಕ್ಕಾಗಿ ಕಾದರು. ನಾನು ಬೇಲಿ ಹಾರಿ ಹಿಂಬಾಗಿಲಿಂದ ನುಗ್ಗುವವರೆಗೂ ಹಾಗೆಯೇ ಇದ್ದರು. ಏನೂ ಬೀಳಲಿಲ್ಲ. ಚೆಲ್ಲಿದ ಚಹಾ ಹೊದಿಕೆಯಿಂದ ತೊಟ್ಟಿಕ್ಕುತ್ತಿತ್ತು.

ಅವರ ತೋಳುಗಳ ನಡುವಿನಿಂದ ಡೋರೀನ್ ಮೆಲ್ಲಗೆ ಹೇಳಿದರು: "ಕ್ಲಿಫ್, ನೀ ಒಳಗಿದ್ದೀಯ. ಗೊತ್ತಾಯ್ತಾ?"

ಗ್ಯಾವಿನ್ ಬಂದು ನೋಡಿದ. ಸೂರು ಕೂದಲೆಳೆಯಷ್ಟೂ ಕುಸಿದಿರಲಿಲ್ಲ. ಗಣಿಯ ತೇವದಲ್ಲಿ ಮರ ಒಣಗುವುದೇ ಇಲ್ಲ, ಅಲ್ಲಿ ಅದು ನರಳಿದರೆ ಭಾರಕ್ಕೇ ನರಳಿತೆಂದು ಲೆಕ್ಕ. ಇಲ್ಲಿ ಹೊಸ ಸೂರು ಹಿಡಿದಿಟ್ಟ ಶಾಖಕ್ಕೆ ಹಸಿ ದಿಮ್ಮಿ ಒಣಗಿ, ಸೀಳುಬಿಟ್ಟು ಕೂಗಿತ್ತು. ಕಿತ್ತುಹಾಕಲೇ ಎಂದು ಅವನು ಕೇಳಿದಾಗ ಬೇಡವೆಂದದ್ದು ಡೋರೀನ್. ಈಗ ಅದಕ್ಕೆ ಆಕೆಯ ಉಣ್ಣೆಯ ಅಂಗಿ ನೇತುಬಿದ್ದಿದೆ. ಕ್ಲಿಫರ್ಡರ ಕುರ್ಚಿ ಹೊಸ್ತಿಲು ಬಿಟ್ಟು ಮಂಚಕ್ಕೂ ಕಂಬಕ್ಕೂ ನಡುವೆ ಬಂದಿದೆ. ಟೋಪಿ ತೆಗೆಯುವುದಿಲ್ಲ. ಒಂದು ಕೈ ಆಕೆಯ ಕೈಯಲ್ಲಿ, ಇನ್ನೊಂದು ಕೈ ಕಂಬದ ಮೇಲೆ, ಗಾಳಿ ಬೀಸಿದರೆ ಈಗಲೂ ಕೆನ್ನೆ ಬಿಳಿಚುತ್ತದೆ.

ಭಯವನ್ನು ಗೆದ್ದವರ ಕಥೆಗಳನ್ನು ನಾವು ಬಾಲ್ಯದಿಂದ ಕೇಳಿದ್ದೇವೆ, ಅಂಥವರನ್ನು ನಾನು ಇನ್ನೂ ಕಂಡಿಲ್ಲ. ಕ್ಲಿಫರ್ಡರ ಜಾತಿಯವರನ್ನು ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು ಕಂಡಿದ್ದೇನೆ. ಅವರಿಗೆ ಅನುಭವ ಕಲಿಸಿದ ಭಯವನ್ನು ಯಾವ ತಪಾಸಣೆಯವನೂ ಬಿಡಿಸಲಾರ. ಸೂರು ಇಂದಲ್ಲ ನಾಳೆ ಬಿದ್ದೇ ಬೀಳುತ್ತದೆಂದು ಅವರು ಕೊನೆಯ ಉಸಿರಿನವರೆಗೂ ನಂಬಿರುತ್ತಾರೆ, ಹಾಗೆ ನಂಬಿಕೊಂಡೇ ಅದರ ಕೆಳಗೆ, ನಮ್ಮ ಪಕ್ಕದಲ್ಲಿ, ಕುರ್ಚಿ ಎಳೆದುಕೊಂಡು ಕೂರುತ್ತಾರೆ.