ಗೇಟಿನೊಳಗೆ ಜಮಖಾನ

‘ಈ ಸಲ ಹೆಪ್ಪುಗಟ್ಟುತ್ತೆ’ ಎಂಬ ಬರೀ ಬಾಯಿಮಾತಿನಲ್ಲೇ ಐದು ಚಳಿಗಾಲ ಕಳೆದ ಮೇಲೆ ಫ್ರೀಸ್‌ಲ್ಯಾಂಡ್ ಸೀಮೆಯ ಒಂದು ಊರಿನ ಕಾಲುವೆ ಈ ಸಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಶನಿವಾರದ ಸ್ಕೇಟಿಂಗ್ ಯಾತ್ರೆಗೆ ಮುನ್ನೂರು ಚಿಲ್ಲರೆ ಜನ ಹೆಸರು ಕೊಟ್ಟಿದ್ದರು. ಆದರೆ ಮಂಜುಗಡ್ಡೆಯ ಮೇಲ್ವಿಚಾರಕಿ ಬೌಕ್ಯೆ ಸಹಿ ಹಾಕದೆ ಒಬ್ಬರೂ ಅದರ ಮೇಲೆ ಕಾಲಿಡುವಂತಿಲ್ಲ. ಬೌಕ್ಯೆ ಸಹಿ ಹಾಕಿರಲಿಲ್ಲ.

ಬೈರಿಗೆ ಹಿಡಿದು ಕಾಲುವೆಯ ಉದ್ದಕ್ಕೂ ತೂತು ಕೊರೆದು ನೋಡಿದ್ದಳು. ಎಲ್ಲ ಕಡೆ ಹದಿನೈದು ಸೆಂಟಿಮೀಟರ್ ದಪ್ಪ. ದಡದಲ್ಲಿ ಎದ್ದಿದ್ದ ಹೊಸ ಕಂಪ್ಯೂಟರ್ ಕಂಪನಿಯ ಗೋಡೆಯ ಕೆಳಗೆ ಮಾತ್ರ ಆರು; ಜನರ ಭಾರ ತಡೆಯದು. ಅವಳ ಅಪ್ಪನೂ ಇದೇ ಕೆಲಸದಲ್ಲಿದ್ದವನು. ಒಮ್ಮೆ, ಒಂದೇ ಒಮ್ಮೆ, ಯಾರದೋ ಒತ್ತಾಯಕ್ಕೆ ಕಟ್ಟುಬಿದ್ದು ಸಹಿ ಹಾಕಿದ್ದ. ಅವತ್ತು ನೀರಿನಿಂದ ಮೇಲೆತ್ತಿದ್ದು ಬೌಕ್ಯೆಯ ಅಣ್ಣ ಯೆಲ್ಲೆಯನ್ನು.

ಗುರುವಾರ ಸಂಜೆ ಸ್ಕೇಟಿಂಗ್ ಕ್ಲಬ್ಬಿನಲ್ಲಿ ಬಟಾಣಿ ಸೂಪು ಕುಡಿಯುತ್ತ ಊರೇ ಕೂತಿತ್ತು. ಕಂಪನಿಯ ಲೆನರ್ಟ್ ಗೋಡೆಯ ಮೇಲೆ ಬಿಳಿ ಮೋಡದ ಚಿತ್ರ ಬಿಟ್ಟು ವಿವರಿಸಿದ.

"ನಿಮ್ಮ ಫೋಟೋ, ನಿಮ್ಮ ಪತ್ರ, ಎಲ್ಲ ಕ್ಲೌಡಲ್ಲಿ ಇರುತ್ತೆ. ಅದಕ್ಕೆ ತೂಕ ಇಲ್ಲ, ಜಾಗ ಬೇಡ. ಮಂಜುಗಡ್ಡೆ ಕರಗಿಸೋಕೆ ಅಲ್ಲೇನಿದೆ ಹೇಳಿ?"

"ಹಂಗಾದ್ರೆ ಫೋಟೋದಲ್ಲಿರೋ ನನ್ನ ಮೊಮ್ಮಗಳು ಆಕಾಶದಲ್ಲಿ ತೇಲ್ತಿದಾಳಾ?" ಎಂದಳು ಮುಂದಿನ ಸಾಲಿನ ಇಮ್ಕ್ಯೆ ಅಜ್ಜಿ. ಜನ ನಕ್ಕರು, ಲೆನರ್ಟ್ ಕೂಡ ನಕ್ಕ. ಬೌಕ್ಯೆಗೆ ಮೈ ಉರಿಯಿತು. ಎಂಬತ್ತು ದಾಟಿದ ಮುದುಕಿಯ ಕಿವಿ ಮೇಲೆ ಹೂವಿಡಲು ಈ ಮನುಷ್ಯ ಅಷ್ಟು ದೂರದಿಂದ ಬಂದಿದ್ದನೇ?

"ಅಜ್ಜಿ," ಎಂದಳು ಎದ್ದು ನಿಂತು, "ನಿಮ್ಮ ಅಜ್ಜಿ ಬೆಣ್ಣೆ ಎಲ್ಲಿ ಕಡೀತಿದ್ರು?"

"ಮನೇಲೇ. ಇನ್ನೆಲ್ಲಿ?"

"ಈಗ?"

"ಹಾಲೆಲ್ಲ ಟ್ಯಾಂಕರ್ ಹತ್ತಿ ಡೇರಿಗೆ ಹೋಗುತ್ತಲ್ಲ."

"ಫೋಟೋನೂ ಅಷ್ಟೇ. ಮುಂಚೆ ನಿಮ್ಮನೆ ಕಂಪ್ಯೂಟರಲ್ಲಿತ್ತು. ಈಗ ತಂತಿ ಹಿಡಿದು ಹೋಗಿ ಇವರ ಶೆಡ್ಡಲ್ಲಿ ಕೂತಿದೆ, ಇವರ ಕಂಪ್ಯೂಟರಲ್ಲಿ. ನೀವು ಕೇಳಿದಾಗ ಅಲ್ಲಿಂದ ಕಳಿಸ್ತಾರೆ. ಇವರು ಕ್ಲೌಡ್ ಅನ್ನೋದು ಅದನ್ನೇ. ಡೇರಿಗೆ ಹೋದ ಹಾಲು ಆಕಾಶಕ್ಕೆ ಹೋಯ್ತು ಅಂತ ಯಾರಾದ್ರೂ ಅಂದಿದ್ರಾ?"

ಮೂವತ್ತು ವರ್ಷ ಡೇರಿಯ ತಂಪುಯಂತ್ರ ನೋಡಿಕೊಂಡವಳು ಬೌಕ್ಯೆ. ಇಷ್ಟಕ್ಕೇ ಬಿಡಲಿಲ್ಲ.

"ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡಿ, ಬಿಸಿ ಇರುತ್ತೆ. ಆ ಶೆಡ್ಡಲ್ಲಿ ಸಾವಿರಾರು ಯಂತ್ರ ಒಂದು ನಿಮಿಷ ಬಿಡದೆ ಬಿಸಿ ಆಗ್ತಿವೆ. ತಣ್ಣಗೆ ಮಾಡೋಕೆ ನೀರು ಬಿಡ್ತಾರೆ. ಬೆಚ್ಚಗಾದ ಆ ನೀರು ಬಂದು ಬೀಳೋದು ನನ್ನ ಕಾಲುವೆಗೆ."

"ಅದು ಅಷ್ಟು ಸರಳ ಅಲ್ಲ ಮೇಡಂ," ಎಂದ ಲೆನರ್ಟ್.

"ಕಷ್ಟ ಇದ್ರೆ ಕಷ್ಟವಾಗೇ ಹೇಳಿ. ಕೇಳೋಕೇ ಕೂತಿದ್ದೀವಿ."

ಲೆನರ್ಟ್ ಗೋಡೆಯ ಮೇಲಿನ ಮೋಡದ ಚಿತ್ರ ಆರಿಸಿದ. ಕ್ಲಬ್ಬಿನ ಅಧ್ಯಕ್ಷ ವೊಪ್ಕೆ ಬೌಕ್ಯೆಯ ತೋಳು ಹಿಡಿದ. "ಟೀವಿಯವರು ಕಂಪನಿ ಗೋಡೆ ಹತ್ರಾನೇ ಕ್ಯಾಮೆರಾ ಇಡ್ತಾರೆ, ಬಾವುಟ ಎಲ್ಲ ಕಟ್ಟಾಗಿದೆ. ಹಟ ಬಿಡು ಮಾರಾಯ್ತಿ. ಇಲ್ಲಾಂದ್ರೆ ಬೇರೆಯವರ ಕೈಲಿ ಸಹಿ ಹಾಕಿಸ್ತೀನಿ."

"ಹಾಕಿಸು. ಹಾಕೋರು ಮೊದಲು ಆ ಗೋಡೆ ಕೆಳಗೆ ನಿಂತು ತೋರಿಸ್ಲಿ. ಲೆನರ್ಟ್ ಅವರೇ, ನೀವು ಬರ್ತೀರಾ?"

"ನನಗೆ ಸ್ಕೇಟಿಂಗ್ ಬರಲ್ಲ."

"ನಿಂತ್ಕೊಳ್ಳೋಕೆ ಬರುತ್ತಲ್ಲ?"

ಯಾರೂ ಎದ್ದು ಬರಲಿಲ್ಲ. "ಹಾಗಾದ್ರೆ ಯಾತ್ರೆ ರದ್ದು," ಎಂದ ವೊಪ್ಕೆ, ಮುಖ ಸಿಂಡರಿಸಿ.

"ಯಾಕೆ ರದ್ದು? ಮಂಜುಗಡ್ಡೆ ಕೈಕೊಟ್ಟ ಕಡೆ ನಾವು ಯಾವಾಗಲೂ ಏನು ಮಾಡ್ತೀವಿ?"

"ಜಮಖಾನ ಹಾಸ್ತೀವಿ," ಎಂದಳು ಇಮ್ಕ್ಯೆ ಅಜ್ಜಿ.

ಆ ಸೀಮೆಯ ರೂಢಿಯೇ ಅದು. ಮನೆಮನೆಯಿಂದ ಹಳೆ ಜಮಖಾನ ತಂದು ದಡದ ಮೇಲೆ ಹಾಸುತ್ತಾರೆ. ಸ್ಕೇಟ್ ಬಿಚ್ಚದೆ, ಅದರ ಅಲಗು ಕೆಡದಂತೆ ನಡೆದು ಮುಂದೆ ಮತ್ತೆ ಇಳಿಯುತ್ತಾರೆ. ಹಿತ್ತಿಲಾಗಲಿ ಕೊಟ್ಟಿಗೆಯಾಗಲಿ, ದಾರಿ ಇಲ್ಲ ಎಂದವರನ್ನು ಊರು ಕಂಡಿರಲಿಲ್ಲ. ಗೋಡೆಯ ಎದುರಿನ ದಡ ಬರೀ ಜೊಂಡಿನ ಕೆಸರು. ಉಳಿದದ್ದು ಕಂಪನಿಯ ಅಂಗಳ.

"ಗೇಟಿನೊಳಗೆ ಯಾರಿಗೂ ಪ್ರವೇಶ ಇಲ್ಲ," ಎಂದ ಲೆನರ್ಟ್.

"ಕ್ಲೌಡಿಗೆ ಜಾಗವೇ ಬೇಡ ಅಂದ್ರಿ ಈಗ ತಾನೇ. ಇಲ್ಲದ ಜಾಗಕ್ಕೆ ಬೀಗ ಯಾಕೆ?" ಎಂದಳು ಬೌಕ್ಯೆ.

ಶನಿವಾರ ಬೆಳಿಗ್ಗೆ, ಯಾತ್ರೆ ಹೊರಡುವ ಮೊದಲೇ, ಎಪ್ಪತ್ತು ಮನೆಯ ಜಮಖಾನಗಳು ಗೇಟಿನ ಮುಂದೆ ಸುರುಳಿಯಾಗಿ ಬಂದು ಬಿದ್ದವು. ಟೀವಿಯ ಕ್ಯಾಮೆರಾ ಅತ್ತ ತಿರುಗಿತು. ಗೇಟು ತೆರೆಯದೆ ಲೆನರ್ಟ್‌ಗೆ ವಿಧಿಯಿರಲಿಲ್ಲ. ಮೊದಲು ಹಾಸಿದ್ದು ಬೌಕ್ಯೆಯ ಅಪ್ಪನ ಮನೆಯದು. ಯೆಲ್ಲೆಯನ್ನು ತಂದು ಮಲಗಿಸಿದ್ದು ಅದರ ಮೇಲೆಯೇ. ಅದು ನೆಟ್ಟಗೆ ಕೂತ ಮೇಲೆ ಅವಳು ಸಹಿ ಹಾಕಿದಳು.

ಜನ ಕಿಟಕಿಯಿಲ್ಲದ ಗೋಡೆಯ ಪಕ್ಕ, ಫ್ಯಾನುಗಳ ಭೋರ್ಗರೆತದ ನಡುವೆ, ಕುಂಟುತ್ತ ಸಾಲಾಗಿ ನಡೆದರು. ಇಮ್ಕ್ಯೆ ಅಜ್ಜಿ ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಕಾಲುವೆಗೆ ಇಳಿಯುವ ಕೊಳವೆಯ ಮೇಲೆ ಅಂಗೈ ಇಟ್ಟಳು.

"ಬೆಚ್ಚಗಿದೆ," ಎಂದಳು. "ನನ್ನ ಮೊಮ್ಮಗಳು ಇಲ್ಲಿದಾಳೆ ಅನ್ನು."

ಮುನ್ನೂರ ಹನ್ನೆರಡು ಜನ ಹೊರಟಿದ್ದರು. ಕತ್ತಲಾಗುವ ಮೊದಲು ಮುನ್ನೂರ ಹನ್ನೆರಡೂ ಜನ ಮರಳಿ ಬಂದರು; ಬೌಕ್ಯೆ ಎರಡು ಸಲ ಎಣಿಸಿದಳು. ಲೆನರ್ಟ್ ಬಂದು, "ಇನ್ನು ಈ ಜಮಖಾನ ಯಾವಾಗ ತೆಗೀತೀರಿ?" ಎಂದು ಕೇಳಿದ.

"ನೀವು ಆ ಕೊಳವೆ ತೆಗೆದ ದಿನ," ಎಂದು ಬೌಕ್ಯೆ ಅಪ್ಪನ ಜಮಖಾನದ ಮಡಿಕೆ ಬಿದ್ದಿದ್ದ ಅಂಚನ್ನು ಕಾಲಿನಿಂದ ಸರಿಮಾಡಿದಳು.